ಸರಾಸರಿಯ ಮರೆಯಲ್ಲಿ ನಿಂತವರು

‘ಸರ್ವರ್ ಇಲ್ಲ’ ಎಂಬ ಮಾತು ಕನ್ನಡಕ್ಕೆ ಬಂದು ಬಹಳ ವರ್ಷಗಳೇನೂ ಆಗಿಲ್ಲ. ಆದರೆ ಪಹಣಿಗೆ ಹೋದವರು, ಪಡಿತರಕ್ಕಾಗಿ ಬೆರಳು ಒತ್ತಿದವರು, ಬ್ಯಾಂಕಿನ ಕೌಂಟರಿನ ಮುಂದೆ ನಿಂತವರು ಎಲ್ಲರೂ ಅದನ್ನು ಕೇಳಿದವರೇ. ಮಳೆ ಇಲ್ಲ, ಕರೆಂಟ್ ಇಲ್ಲ ಎಂಬಷ್ಟೇ ಸಹಜವಾಗಿ ಈಗ ಅದನ್ನೂ ಹೇಳುತ್ತಾರೆ. ಈ ಲೇಖಕನೂ ಒಮ್ಮೆ ಒಂದು ಕಚೇರಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತು, ಕೆಲಸವಾಗದೆ ಎದ್ದು ಬಂದದ್ದುಂಟು. ಆ ದಿನದ ವರದಿಯಲ್ಲಿ ‘ಯಂತ್ರವು ಸರಾಸರಿ ಅರ್ಧ ಸೆಕೆಂಡಿನಲ್ಲಿ ಉತ್ತರಿಸಿದೆ’ ಎಂದು ಯಾರಾದರೂ ಬರೆದಿದ್ದರೆ ಅದು ಸುಳ್ಳೇ ಆಗಬೇಕೆಂದಿಲ್ಲ. ಬೇರೆ ಹೊತ್ತಿನಲ್ಲಿ, ಬೇರೆ ಊರುಗಳಿಂದ ಬಂದ ಸಾವಿರಾರು ಕೋರಿಕೆಗಳು ಸಲೀಸಾಗಿ ಸಾಗಿರಬಹುದು. ಬೆಂಚಿನ ಮೇಲೆ ಕುಳಿತ ಇಪ್ಪತ್ತು ಮೂವತ್ತು ಜನ ಆ ಲೆಕ್ಕದೊಳಗೆ ಕರಗಿಹೋಗಿರುತ್ತಾರೆ.

ಹೊಳೆಯ ಸರಾಸರಿ ಆಳ ಮೂರೇ ಅಡಿ ಎಂದು ಗುಣಿಸಿ ಭಾಗಿಸಿ, ಮನೆಮಂದಿಯನ್ನೆಲ್ಲ ನೀರಿಗಿಳಿಸಿದ ಲೆಕ್ಕದ ಮೇಷ್ಟ್ರ ಕಥೆಯನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕೇಳಿದ್ದೇವೆ. ಜಗತ್ತಿನ ಅತಿ ದೊಡ್ಡ ಕಂಪ್ಯೂಟರ್ ಜಾಲಗಳನ್ನು ಕಟ್ಟಿದವರೂ ಈ ಕಥೆಯ ತಿರುಳನ್ನು ಕಷ್ಟಪಟ್ಟೇ ಕಲಿತರು. ಅವರು ಅದನ್ನು ಕಲಿತದ್ದು ‘ಕೀ–ವ್ಯಾಲ್ಯೂ’ ಎಂಬ ಹೆಸರಿನ ಒಂದು ಬಗೆಯ ದತ್ತಾಂಶ ಉಗ್ರಾಣವನ್ನು ಕಾಯುತ್ತ ಕುಳಿತಾಗ.

ಈ ಉಗ್ರಾಣ ಏನೆಂದು ತಿಳಿಯಲು ದೊಡ್ಡ ದೇವಸ್ಥಾನಗಳ ಮುಂದಿನ ಚಪ್ಪಲಿ ಕಾಯುವ ಜಾಗವನ್ನು ನೆನೆಸಿಕೊಂಡರೆ ಸಾಕು. ಚಪ್ಪಲಿ ಕೊಟ್ಟರೆ ಟೋಕನ್ ಕೊಡುತ್ತಾರೆ. ಟೋಕನ್ ಕೊಟ್ಟರೆ ಚಪ್ಪಲಿ ಕೊಡುತ್ತಾರೆ. ಅದು ಯಾವ ಅಂಗಡಿಯದು, ಎಷ್ಟು ಬೆಲೆಯದು ಎಂದು ಕಾಯುವವನು ಕೇಳುವುದಿಲ್ಲ. ಕಂದು ಬಣ್ಣದವನ್ನೆಲ್ಲ ಒಟ್ಟಿಗೆ ತೆಗೆದುಕೊಡಿ ಎಂದರೆ ಅವನಿಂದ ಆಗುವುದೂ ಇಲ್ಲ. ಟೋಕನ್ ಎಂಬುದು ಕೀಲಿ, ಚಪ್ಪಲಿ ಎಂಬುದು ಆ ಕೀಲಿಗೆ ಸೇರಿದ ಸರಕು. ಇಷ್ಟು ಸರಳವಾದ ವ್ಯವಸ್ಥೆಯಾದ್ದರಿಂದಲೇ ಅದು ಬಲು ವೇಗವಾಗಿ ನಡೆಯುತ್ತದೆ. ಜಾತ್ರೆಯ ದಿನ ಒಂದು ಕಟ್ಟೆ ಸಾಲದೆ ನೂರು ಕಟ್ಟೆಗಳನ್ನು ಹಾಕಿದರೆಂದುಕೊಳ್ಳಿ. ಟೋಕನ್ನಿನ ಸಂಖ್ಯೆ ನೋಡಿದ ಕೂಡಲೇ ಯಾವ ಕಟ್ಟೆಗೆ ಹೋಗಬೇಕೆಂಬುದು ಗೊತ್ತಾಗುವಂತೆ ಹಂಚಿಕೆ ಮಾಡಿದರೆ, ಅದು ಹಂಚಿಹೋದ ಕೀ–ವ್ಯಾಲ್ಯೂ ಡೇಟಾಬೇಸ್. ಚಪ್ಪಲಿಗಿಲ್ಲದ ಒಂದು ಅನುಕೂಲ ದತ್ತಾಂಶಕ್ಕಿದೆ. ಅದನ್ನು ನಕಲು ಮಾಡಬಹುದು. ಹಾಗಾಗಿ ಒಂದು ಕಟ್ಟೆ ಮುರಿದುಬಿದ್ದರೂ ನಷ್ಟವಾಗದಂತೆ ಪ್ರತಿಯೊಂದನ್ನೂ ಸಾಮಾನ್ಯವಾಗಿ ಮೂರು ಕಡೆ ಇಟ್ಟಿರುತ್ತಾರೆ.

ಈ ನೂರು ಕಟ್ಟೆಗಳು ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡಿಕೊಳ್ಳುವುದು ಹೇಗೆ? ಎಲ್ಲಿ ನಿಂತು ನೋಡಬೇಕು, ಏನನ್ನು ಎಣಿಸಬೇಕು? ಪ್ರಶ್ನೆ ಕಂಪ್ಯೂಟರಿಗಿಂತ ಹಳೆಯದು. ಅದನ್ನು ಮೊದಲು ಗಂಭೀರವಾಗಿ ಕೇಳಿದವರು ಟೆಲಿಫೋನಿನವರು.

ಡೆನ್ಮಾರ್ಕಿನಲ್ಲಿ 1878ರಲ್ಲಿ ಶಾಲಾ ಉಪಾಧ್ಯಾಯರೊಬ್ಬರ ಮಗನಾಗಿ ಹುಟ್ಟಿದ ಆಗ್ನರ್ ಕ್ರಾರುಪ್ ಎರ್ಲಾಂಗ್ ಗಣಿತ ಓದಿ, ಕೆಲಕಾಲ ಮೇಷ್ಟ್ರಾಗಿದ್ದು, 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಗೆ ಸೇರಿದ. ಮೊದಲ ದಿನಗಳಲ್ಲಿ ಅವನಿಗೆ ಸಹಾಯಕರಿರಲಿಲ್ಲ. ಏಣಿ ಹೊತ್ತ ಒಬ್ಬ ಕೆಲಸಗಾರನನ್ನು ಜೊತೆಗೆ ಕರೆದುಕೊಂಡು ನಗರದ ಬೀದಿಗಳಲ್ಲಿ ತಿರುಗಿ, ಮ್ಯಾನ್‌ಹೋಲುಗಳಿಗೆ ಇಳಿದು, ತಂತಿಗಳಲ್ಲಿ ಸೋರುವ ವಿದ್ಯುತ್ತನ್ನು ತಾನೇ ಅಳೆಯುತ್ತಿದ್ದ. ಅವನನ್ನು ಕಂಪನಿಗೆ ಕರೆತಂದ ಮುಖ್ಯ ಎಂಜಿನಿಯರ್ ಯೋಹಾನ್ ಯೆನ್ಸನ್ ಬಿಡುವಿನ ವೇಳೆಯಲ್ಲಿ ಗಣಿತ ಮಾಡುತ್ತಿದ್ದ ಮನುಷ್ಯ. ಸರಾಸರಿಗಳ ಕುರಿತಾದ ಒಂದು ಅಸಮಾನತೆಯ ಸೂತ್ರ ಇಂದಿಗೂ ಅವನ ಹೆಸರಿನಲ್ಲಿದೆ. ಮೇಲ್ಮುಖವಾಗಿ ಬಾಗುವ ರೇಖೆಯ ವಿಷಯದಲ್ಲಿ, ಸರಾಸರಿಯನ್ನು ಹಾಕಿ ಬರುವ ಫಲ ನಿಜವಾದ ಫಲಗಳ ಸರಾಸರಿಗಿಂತ ಎಂದೂ ಹೆಚ್ಚಾಗದು ಎಂಬುದು ಅದರ ಸಾರ. ಕಾಯುವಿಕೆಯ ರೇಖೆ ಅಂಥದ್ದೇ. ಸರಾಸರಿ ಜನಸಂದಣಿಯನ್ನು ಹಿಡಿದು ಅಂದಾಜು ಮಾಡಿದ ಕಾಯುವ ಹೊತ್ತು ನಿಜವಾಗಿ ಕಾದ ಹೊತ್ತಿಗಿಂತ ಕಡಿಮೆಯಾಗಿಯೇ ಕಾಣುತ್ತದೆ. ಈ ಇಬ್ಬರೂ ಒಂದೇ ಕಚೇರಿಯಲ್ಲಿದ್ದರೆಂಬುದು ಇತಿಹಾಸದ ಒಂದು ಚೆಲುವಾದ ಕಾಕತಾಳೀಯ.

1909ರಲ್ಲಿ ಎರ್ಲಾಂಗ್, ಟೆಲಿಫೋನ್ ಕರೆಗಳು ಯಾವ ನಿಯಮಕ್ಕೂ ಒಳಪಡದಂತೆ ಬಂದರೂ ಆ ಅನಿಯಮಕ್ಕೂ ಒಂದು ಗಣಿತವಿದೆ ಎಂದು ತೋರಿಸಿದ. 1917ರಲ್ಲಿ ಪ್ರಕಟವಾದ ಅವನ ಸೂತ್ರಗಳು ಎಂಜಿನಿಯರುಗಳ ಕೈಪಿಡಿಗಳನ್ನು ಸೇರಿದವು. ಅವನು ಕೇಳಿದ ಪ್ರಶ್ನೆ ಹೀಗಿತ್ತು: ಇಷ್ಟು ತಂತಿಗಳಿದ್ದು ಇಷ್ಟು ಕರೆಗಳು ಬಂದರೆ, ನೂರರಲ್ಲಿ ಎಷ್ಟು ಜನಕ್ಕೆ ಎಲ್ಲ ತಂತಿಗಳೂ ತುಂಬಿವೆ ಎಂಬ ಉತ್ತರ ಸಿಗುತ್ತದೆ? ಅಂದರೆ ಲೆಕ್ಕ ಶುರುವಾಗುವುದೇ ನಿರಾಶರಾಗಿ ಹೋದವರಿಂದ. ಅವನ ಕ್ಷೇತ್ರದಿಂದ ಬೆಳೆದ ಸರಳ ಮಾದರಿಯೊಂದರ ಪ್ರಕಾರ, ಒಬ್ಬನೇ ಸೇವಕನಿರುವ ಕಟ್ಟೆ ಅರ್ಧ ಹೊತ್ತು ಕೆಲಸದಲ್ಲಿದ್ದರೆ ಬಂದವನಿಗೆ ಕೆಲಸದ ಎರಡು ಪಟ್ಟು ಸಮಯ ಹಿಡಿಯುತ್ತದೆ. ನೂರರಲ್ಲಿ 90 ಪಾಲು ಹೊತ್ತು ಕೆಲಸದಲ್ಲಿದ್ದರೆ ಹತ್ತು ಪಟ್ಟು. 99 ಪಾಲಾದರೆ ನೂರು ಪಟ್ಟು. ನಿನ್ನೆ ಚೆನ್ನಾಗಿದ್ದ ಯಂತ್ರ ಇವತ್ತು ಹತ್ತೇ ಜನ ಹೆಚ್ಚಾದಾಗ ಏಕೆ ಕುಸಿಯುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಈ ಕಥೆಗೆ ಬೇಕಾದ ಇನ್ನೊಂದು ಉಪಕರಣ ಅದಾಗಲೇ ಲಂಡನ್ನಿನಲ್ಲಿ ಸಿದ್ಧವಾಗಿತ್ತು. 1884ರ ಆರೋಗ್ಯ ಪ್ರದರ್ಶನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಮೂರು ಪೆನ್ಸ್ ಶುಲ್ಕ ಪಡೆದು ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಎತ್ತರ, ಉಸಿರು, ಹಿಡಿತಗಳನ್ನು ಅಳೆದ. ಮರುವರ್ಷ ಆ ಅಂಕಿಗಳನ್ನು ವಿವರಿಸುವಾಗ ‘ಪರ್ಸೆಂಟೈಲ್’ ಎಂಬ ಮಾತನ್ನು ಬಳಕೆಗೆ ತಂದ. (ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸುವ ಅವನ ಸುಜನನ ಸಿದ್ಧಾಂತ ಮುಂದೆ ಮಾಡಿದ ಅನಾಹುತ ಬೇರೆಯೇ ಕಥೆ.) ಪ್ರವೇಶ ಪರೀಕ್ಷೆ ಬರೆದ ಮಕ್ಕಳಿರುವ ಮನೆಯವರಿಗೆ ಈ ಪದ ಪರಿಚಿತವೇ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನೂರರಲ್ಲಿ 99 ಜನ ಯಾವ ಗೆರೆಯ ಒಳಗಿದ್ದಾರೆ ಎಂದು ಕೇಳುವುದು 99ನೆಯ ಪರ್ಸೆಂಟೈಲ್. ಸರಾಸರಿ ಎಲ್ಲರನ್ನೂ ಕಲಸಿ ಒಂದು ಮುದ್ದೆ ಮಾಡಿದರೆ, ಇದು ಸಾಲಿನ ಕೊನೆಯವನ ಬಳಿಗೆ ಹೋಗಿ ನಿಲ್ಲುತ್ತದೆ.

ಎರಡೂ ಕೈಯಲ್ಲಿದ್ದರೂ ಇಂಟರ್‌ನೆಟ್ ಬಂದ ಹೊಸತರಲ್ಲಿ ಜನ ಸರಾಸರಿಗೇ ಜೋತುಬಿದ್ದರು. ಅದಕ್ಕೆ ಕಾರಣ ಅಜ್ಞಾನಕ್ಕಿಂತ ಹೆಚ್ಚಾಗಿ ಬಡತನ. ಸ್ವಿಟ್ಜರ್‌ಲೆಂಡಿನ ಟೋಬಿಯಸ್ ಓಟಿಕರ್ ಇಂಗ್ಲೆಂಡಿನ ಲೆಸ್ಟರಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾನಿಲಯದಲ್ಲಿದ್ದಾಗ ಇಡೀ ವಿಶ್ವವಿದ್ಯಾನಿಲಯಕ್ಕೆ ಇದ್ದದ್ದು 64 ಕಿಲೋಬಿಟ್ಟಿನ ಒಂದೇ ಸಂಪರ್ಕ. ಅದು ಎಷ್ಟು ತುಂಬಿದೆ ಎಂದು ಎಲ್ಲರಿಗೂ ಕಾಣಲಿ ಎಂದು ಅವರು ಬರೆದ ‘ಎಂಆರ್‌ಟಿಜಿ’ ಎಂಬ ಸಾಧನ 1995ರಲ್ಲಿ ಹೊರಬಂತು. ಐದು ನಿಮಿಷಕ್ಕೊಮ್ಮೆ ಲೆಕ್ಕ ಕೇಳಿ ರೇಖಾಚಿತ್ರ ಬರೆಯುವ ಈ ಪುಟ್ಟ ಸಾಧನ ಜಗತ್ತಿನ ನೂರಾರು ಕಡೆ ನೆಲೆಯೂರಿತು. ಅಂದಿನ ಡಿಸ್ಕುಗಳಲ್ಲಿ ಜಾಗ ಕಡಿಮೆ. ಆದ್ದರಿಂದ ದಿನದ ಚಿತ್ರದಲ್ಲಿ ಐದು ನಿಮಿಷದ ಸರಾಸರಿ, ವಾರದ ಚಿತ್ರದಲ್ಲಿ ಅರ್ಧ ಗಂಟೆಯದು, ತಿಂಗಳದ್ದರಲ್ಲಿ ಎರಡು ಗಂಟೆಯದು, ವರ್ಷದ ಚಿತ್ರದಲ್ಲಿ ಇಡೀ ದಿನದ್ದು. ಇಂದು ಶಿಖರದಂತೆ ಕಂಡ ಐದು ನಿಮಿಷದ ಸಂಕಟ ವರ್ಷದ ಚಿತ್ರಕ್ಕೆ ಬರುವಷ್ಟರಲ್ಲಿ 288 ಪಾಲಾಗಿ ಹಂಚಿಹೋಗಿ, ಗುಡ್ಡವೆಲ್ಲ ಸವೆದು ಬಯಲಾಗುತ್ತಿತ್ತು. ನೆನಪು ಹಳೆಯದಾದಂತೆ ನೋವು ಮರೆಯುವ ಮನುಷ್ಯನ ಹಾಗೆಯೇ.

ಇನ್ನು ಅಮೆರಿಕಕ್ಕೆ ಬರೋಣ. 2004ರ ಕೊನೆಯ ಹಬ್ಬದ ಖರೀದಿಯ ಕಾಲದಲ್ಲಿ ಅಮೆಜಾನ್ ಕಂಪನಿಯ ತಾಣ ಹಲವು ಬಾರಿ ಮುಗ್ಗರಿಸಿತು. ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ತಂತ್ರಜ್ಞಾನವನ್ನು ಅದರ ಮಿತಿಯಾಚೆಗೆ ಎಳೆದದ್ದೇ ಇದಕ್ಕೆ ಕಾರಣವೆಂದು ಕಂಪನಿಯ ಮುಖ್ಯ ತಂತ್ರಜ್ಞ ವರ್ನರ್ ವೋಗಲ್ಸ್ ಮುಂದೊಮ್ಮೆ ಬರೆದರು. ಅಲ್ಲಿಂದ ಹುಟ್ಟಿದ್ದು ‘ಡೈನಮೊ’ ಎಂಬ ಕೀ–ವ್ಯಾಲ್ಯೂ ಉಗ್ರಾಣ. ಅದರ ವಿವರವನ್ನು ಒಂಬತ್ತು ಜನ 2007ರ ಅಕ್ಟೋಬರ್‌ನಲ್ಲಿ ವಿದ್ವಾಂಸರ ಸಮ್ಮೇಳನವೊಂದರ ಮುಂದಿಟ್ಟರು. ಲೇಖಕರಲ್ಲಿ ಮದನ್ ಜಂಪಾನಿ, ಗುಣವರ್ಧನ್ ಕಾಕುಲಪಾಟಿ, ಅವಿನಾಶ್ ಲಕ್ಷ್ಮಣ್, ಸ್ವಾಮಿನಾಥನ್ ಶಿವಸುಬ್ರಮಣಿಯನ್ ಅವರ ಹೆಸರುಗಳೂ ಇವೆ.

ಆ ಪ್ರಬಂಧವನ್ನು ಓದಿದವರೆಲ್ಲ ಅದರ ಜಾಣ್ಮೆಯ ಹಂಚಿಕೆಯನ್ನು ಹೊಗಳುತ್ತಾರೆ. ಈ ಲೇಖಕನಿಗೆ ಹೆಚ್ಚು ಮುಖ್ಯವೆನಿಸುವುದು ಅದರ ಅಳತೆಗೋಲು. ಸೇವೆ ಚೆನ್ನಾಗಿದೆ ಎನ್ನಲು ಉದ್ಯಮದಲ್ಲಿ ಸರಾಸರಿಯನ್ನೋ ಮಧ್ಯಾಂಕವನ್ನೋ ಹೇಳುವುದು ರೂಢಿ, ಎಲ್ಲ ಗ್ರಾಹಕರಿಗೂ ಒಳ್ಳೆಯ ಅನುಭವ ಕೊಡಬೇಕೆಂದರೆ ಅದು ಸಾಲದು ಎಂದು ಅವರು ಸ್ಪಷ್ಟವಾಗಿ ಹೇಳಿದರು. ಅವರು ಕೊಟ್ಟ ಮಾದರಿ ಕರಾರು ಹೀಗಿತ್ತು: ಸೆಕೆಂಡಿಗೆ 500 ಕೋರಿಕೆಗಳು ಬರುವ ದಟ್ಟಣೆಯಲ್ಲೂ ಶೇಕಡ 99.9ರಷ್ಟು ಕೋರಿಕೆಗಳಿಗೆ 300 ಮಿಲಿಸೆಕೆಂಡಿನ, ಎಂದರೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕೂ ಕಡಿಮೆ ಹೊತ್ತಿನ, ಒಳಗೆ ಉತ್ತರ ಬರಬೇಕು.

ಸಾವಿರದಲ್ಲಿ ಒಬ್ಬನಿಗಾಗಿ ಇಷ್ಟು ಒದ್ದಾಟವೇಕೆ ಎಂದು ಕೇಳಬಹುದು. ನಿಧಾನವಾದ ಉತ್ತರ ಪಡೆಯುತ್ತಿದ್ದವರು ಯಾರು ಎಂಬುದರಲ್ಲಿ ಅದಕ್ಕೆ ಉತ್ತರವಿದೆ. ಹೊಸದಾಗಿ ಬಂದ ಗಿರಾಕಿಯ ಹಿಂದೆ ಕಡತವೇ ಇಲ್ಲ. ಅವನ ಪುಟ ಕ್ಷಣದಲ್ಲಿ ತೆರೆದುಕೊಳ್ಳುತ್ತದೆ. ವರ್ಷಗಟ್ಟಲೆ ಕೊಂಡವನ ಹಿಂದೆ ಉದ್ದನೆಯ ಚರಿತ್ರೆಯಿದೆ. ಅದನ್ನೆಲ್ಲ ತಿರುವಿ ಹಾಕಲು ಯಂತ್ರಕ್ಕೆ ಹೆಚ್ಚು ಹೊತ್ತು ಬೇಕು. ಕಿರಾಣಿ ಅಂಗಡಿಯಲ್ಲಿ ಹಳೆಯ ಗಿರಾಕಿಯ ಉದ್ರಿ ಪುಸ್ತಕವೇ ದಪ್ಪವಲ್ಲವೇ? ಸರಾಸರಿ ನೋಡಿ ನೆಮ್ಮದಿಯಾಗಿದ್ದ ಕಂಪನಿ, ತನ್ನನ್ನು ಹೆಚ್ಚು ನಂಬಿದವರನ್ನೇ ಹೆಚ್ಚು ಕಾಯಿಸುವ ಅಪಾಯವಿತ್ತು. 2006ರ ಡಿಸೆಂಬರಿನ ದಟ್ಟಣೆಯ ದಿನಗಳಲ್ಲಿ ಬರೆದಿಟ್ಟ ಅವರ ರೇಖಾಚಿತ್ರದಲ್ಲಿ 99.9ರ ಗೆರೆ ಸುಮಾರು 200 ಮಿಲಿಸೆಕೆಂಡಿನ ಬಳಿ ಇದ್ದರೆ, ಸರಾಸರಿಯ ಗೆರೆ ಅದರ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿ ಹರಿಯುತ್ತದೆ. ಎರಡೂ ಒಂದೇ ಯಂತ್ರದ ಒಂದೇ ದಿನದ ಸತ್ಯಗಳು.

99.9ರಲ್ಲೇ ಏಕೆ ನಿಂತರು? ಅದರಾಚೆಗೆ ಹೋದರೆ ಖರ್ಚು ವಿಪರೀತ, ಪ್ರಯೋಜನ ಕಡಿಮೆ ಎಂದು ಲೆಕ್ಕ ಹಾಕಿ ನಿಂತರು. ಅಲ್ಲಿಗೂ ಕೋಟಿ ಕೋರಿಕೆಗಳಲ್ಲಿ ಹತ್ತು ಸಾವಿರ ಗೆರೆಯ ಹೊರಗೇ ಉಳಿಯುತ್ತವೆ. ಆದರೆ ಯಾರನ್ನು ಹೊರಗೆ ಬಿಟ್ಟಿದ್ದೇವೆ ಎಂಬುದನ್ನು ಬರೆದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಇನ್ನೂ ಒಂದು ಸಂಗತಿ ಆ ಪ್ರಬಂಧದಲ್ಲಿದೆ. ಪ್ರತಿಗಳನ್ನು ಹೊಂದಿಸುವುದು, ಒಂದು ಯಂತ್ರದಿಂದ ಇನ್ನೊಂದಕ್ಕೆ ಸರಕು ಸಾಗಿಸುವುದು ಮುಂತಾದ ಹಿತ್ತಿಲ ಕೆಲಸಗಳು ಇಂಥ ಉಗ್ರಾಣದಲ್ಲಿ ಸದಾ ನಡೆಯುತ್ತಿರುತ್ತವೆ. ಮುಂಬಾಗಿಲಲ್ಲಿ ಜನ ಕಾಯುತ್ತಿರುವಾಗ ಹಿತ್ತಿಲಿನವರು ದಾರಿಗೆ ಅಡ್ಡ ನಿಲ್ಲಬಾರದು. ಅದಕ್ಕಾಗಿ ಡೈನಮೊದಲ್ಲಿ, ಕಳೆದ 60 ಸೆಕೆಂಡುಗಳ 99ನೆಯ ಪರ್ಸೆಂಟೈಲು ಗೊತ್ತುಮಾಡಿದ ಮಿತಿಗೆ, ಉದಾಹರಣೆಗೆ 50 ಮಿಲಿಸೆಕೆಂಡಿಗೆ, ಎಷ್ಟು ಹತ್ತಿರವಾಗಿದೆ ಎಂದು ನೋಡಿ ಹಿತ್ತಿಲ ಕೆಲಸಕ್ಕೆ ಪಾಲು ಹಂಚುವ ಏರ್ಪಾಡಿತ್ತು. ಇಲ್ಲಿ ನಿಗಾ ಎಂಬುದು ಗೋಡೆಯ ಮೇಲಿನ ಚಿತ್ರವಾಗಿ ಉಳಿಯದೆ ಯಂತ್ರದ ಕಡಿವಾಣವೇ ಆಗಿತ್ತು.

ಸಾಲಿನ ಕೊನೆಯವನ ಲೆಕ್ಕ ಏಕೆ ಎಲ್ಲರ ಲೆಕ್ಕವೂ ಆಗುತ್ತದೆ ಎಂಬುದನ್ನು 2013ರಲ್ಲಿ ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ ವಿವರಿಸಿದರು. ಒಂದು ಯಂತ್ರ ಸಾಮಾನ್ಯವಾಗಿ 10 ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತದೆ, ನೂರಕ್ಕೊಂದು ಸಲ ಮಾತ್ರ ಒಂದು ಸೆಕೆಂಡು ತೆಗೆದುಕೊಳ್ಳುತ್ತದೆ ಎನ್ನೋಣ. ನಿಮ್ಮ ಒಂದು ಕೋರಿಕೆಗೆ ಇಂಥ ನೂರು ಯಂತ್ರಗಳು ಉತ್ತರ ಕೊಡಬೇಕಾದರೆ, ನೂರರಲ್ಲಿ 63 ಸಲ ನೀವು ಒಂದು ಸೆಕೆಂಡಿಗಿಂತ ಹೆಚ್ಚು ಕಾಯುತ್ತೀರಿ. ನೂರು ಜನ ಬಂದು ಸೇರುವ ತನಕ ಊಟಕ್ಕೆ ಕೂರುವಂತಿಲ್ಲ ಎಂದಾಗ ಪಂಕ್ತಿ ಶುರುವಾಗುವುದು ಕೊನೆಯವನು ಬಂದ ಮೇಲೆಯೇ. ಅಮೆಜಾನಿನ ಒಂದು ಪುಟಕ್ಕೂ 150ಕ್ಕಿಂತ ಹೆಚ್ಚು ಸೇವೆಗಳು ಬೇಕಾಗುತ್ತವೆ ಎಂದು ಡೈನಮೊ ಪ್ರಬಂಧವೇ ಹೇಳಿತ್ತು.

ಡೈನಮೊ ಕಂಪನಿಯ ಒಳಗಿನ ವಸ್ತು. ಆದರೆ ಪ್ರಬಂಧ ಎಲ್ಲರದಾಯಿತು. ಅವಿನಾಶ್ ಲಕ್ಷ್ಮಣ್ ಫೇಸ್‌ಬುಕ್ ಸೇರಿ ಪ್ರಶಾಂತ್ ಮಲಿಕ್ ಜೊತೆ ಕಟ್ಟಿದ ‘ಕಸಾಂಡ್ರಾ’ 2008ರಲ್ಲಿ ಮುಕ್ತವಾಗಿ ಹೊರಬಂತು. ಬಾಶೊ ಎಂಬ ಕಂಪನಿ ಮಾಡಿದ ‘ರಿಯಾಕ್’ 2009ರಲ್ಲಿ ಬಂತು. ರಿಯಾಕ್ ಬರೆದ ಭಾಷೆಯ ಹೆಸರು ‘ಎರ್ಲಾಂಗ್’. ಸ್ವೀಡನ್ನಿನ ಎರಿಕ್‌ಸನ್ ಟೆಲಿಫೋನ್ ಕಂಪನಿಯಲ್ಲಿ ಹುಟ್ಟಿದ ಆ ಭಾಷೆಗೆ ನಮ್ಮ ಕೋಪನ್‌ಹೇಗನ್ನಿನ ಮೇಷ್ಟ್ರ ಹೆಸರನ್ನೇ ಇಟ್ಟಿದ್ದರು. ಹೀಗೆ ಏಣಿ ಹಿಡಿದು ಬೀದಿ ಸುತ್ತಿದವನು ನೂರು ವರ್ಷದ ಮೇಲೆ ಉಗ್ರಾಣಕ್ಕೆ ಮರಳಿ ಬಂದ. 2014ರ ಆಗಸ್ಟಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ತನ್ನ ಬೆನ್ನೆಲುಬಾದ ‘ಸ್ಪೈನ್’ ವ್ಯವಸ್ಥೆಯನ್ನು ರಿಯಾಕ್ ಬಳಸಿ ಹೊಸದಾಗಿ ನಿಲ್ಲಿಸಿತು. ವೈದ್ಯರು ಬರೆದ ಔಷಧದ ಚೀಟಿ ಅಂಗಡಿಗೆ ತಲುಪುವುದು ಇಂಥ ವ್ಯವಸ್ಥೆಯ ಮೂಲಕ. ಅಲ್ಲಿ ಸಾವಿರಕ್ಕೊಬ್ಬ ಎಂದರೆ ಔಷಧಿ ಅಂಗಡಿಯಲ್ಲಿ ಕೆಮ್ಮುತ್ತ ನಿಂತ ಮನುಷ್ಯ.

ರಿಯಾಕ್‌ನ ಪ್ರತಿಯೊಂದು ಯಂತ್ರವೂ ಕೇಳಿದಾಗ ಒಂದು ಪಟ್ಟಿ ಒಪ್ಪಿಸುತ್ತದೆ. ಕಳೆದ ಒಂದು ನಿಮಿಷದ ಓದು ಬರಹಗಳಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದರ ಸರಾಸರಿ, ಮಧ್ಯಾಂಕ, 95, 99, ಕೊನೆಗೆ 100, ಎಂದರೆ ಎಲ್ಲರಿಗಿಂತ ಹೆಚ್ಚು ಕಾದವನು. ಇದರ ಜೊತೆಗೆ ಸರಕಿನ ಗಾತ್ರ ಮತ್ತು ಒಂದೇ ಕೀಲಿಯಡಿ ಬಿದ್ದಿರುವ ಹೊಂದಾಣಿಕೆಯಾಗದ ಪ್ರತಿಗಳ ಸಂಖ್ಯೆ. ಈ ಕೊನೆಯವು ಮುಖ್ಯ. ಇಬ್ಬರು ಒಂದೇ ದಾಖಲೆಯನ್ನು ಏಕಕಾಲಕ್ಕೆ ತಿದ್ದಿದಾಗ ಇಂಥ ಉಗ್ರಾಣ ಎರಡನ್ನೂ ಇಟ್ಟುಕೊಳ್ಳಬಲ್ಲದು. ಯಾರೂ ಬಂದು ತೀರ್ಮಾನಿಸದಿದ್ದರೆ ಅವು ಗುಡ್ಡೆಯಾಗಿ ಬೆಳೆದು, ಒಂದು ಕೀಲಿಯ ಓದು ಇಡೀ ಯಂತ್ರವನ್ನೇ ಬಗ್ಗಿಸುತ್ತದೆ. ವೇಗ ತಗ್ಗುವುದು ಜ್ವರವಿದ್ದಂತೆ. ಕಾರಣ ತಿಳಿಯಬೇಕಾದರೆ ಈ ಬಗೆಯ ಲೆಕ್ಕಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಪಟ್ಟಿ ಇದ್ದರೆ ಸಾಲದು, ಅದನ್ನು ಕೂಡಿಸುವ ರೀತಿ ತಿಳಿದಿರಬೇಕು. ಹತ್ತು ಯಂತ್ರಗಳಲ್ಲಿ ಒಂಬತ್ತರ 99ನೆಯ ಪರ್ಸೆಂಟೈಲು 10 ಮಿಲಿಸೆಕೆಂಡು, ಹತ್ತನೆಯದರದ್ದು 2000 ಎಂದಿರಲಿ. ಹತ್ತನ್ನೂ ಕೂಡಿ ಭಾಗಿಸಿ 209 ಎಂದು ಬರೆದವರು ಯಾರ ಅನುಭವವನ್ನೂ ಬರೆದಂತಾಗಲಿಲ್ಲ. ಸರಾಸರಿಯಿಂದ ತಪ್ಪಿಸಿಕೊಳ್ಳಲು ಹೊರಟವರು ಹಿತ್ತಿಲ ಬಾಗಿಲಿನಿಂದ ಸರಾಸರಿಯನ್ನೇ ಒಳಗೆ ಕರೆದುಕೊಂಡ ಹಾಗೆ. ಬದಲಿಗೆ ಪ್ರತಿ ಯಂತ್ರದಲ್ಲೂ 5 ಮಿಲಿಸೆಕೆಂಡಿನೊಳಗೆ ಎಷ್ಟು, 10ರೊಳಗೆ ಎಷ್ಟು, 100ರೊಳಗೆ ಎಷ್ಟು ಎಂದು ತಲೆ ಎಣಿಸಿಟ್ಟು, ಆ ಎಣಿಕೆಗಳನ್ನು ಕೂಡಿ, ಆಮೇಲೆ ಗೆರೆ ಎಳೆಯಬೇಕು. ಬರ್ಲಿನ್ನಿನ ಸೌಂಡ್‌ಕ್ಲೌಡ್ ಕಂಪನಿಯಲ್ಲಿ 2012ರಲ್ಲಿ ಗೂಗಲ್ ಬಿಟ್ಟು ಬಂದ ಎಂಜಿನಿಯರುಗಳು ಆರಂಭಿಸಿದ ‘ಪ್ರೊಮಿಥಿಯಸ್’ ಸಾಧನದಲ್ಲಿ ಇಂಥ ಎಣಿಕೆಗೆ ವ್ಯವಸ್ಥೆಯಿದೆ.

ಇದಕ್ಕಿಂತ ಸೂಕ್ಷ್ಮವಾದ ಮೋಸವೊಂದನ್ನು ಗಿಲ್ ಟೆನೆ ಎಂಬ ತಜ್ಞರು ಬಯಲಿಗೆಳೆದರು. ಪರೀಕ್ಷೆ ಮಾಡುವ ಯಂತ್ರ ಒಂದು ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ಮುಂದಿನದನ್ನು ಕೇಳುತ್ತದೆ. ಸೆಕೆಂಡಿಗೆ ನೂರರಂತೆ ನೂರು ಸೆಕೆಂಡು ಪ್ರತಿ ಪ್ರಶ್ನೆಗೂ ಒಂದು ಮಿಲಿಸೆಕೆಂಡಿನಲ್ಲಿ ಉತ್ತರ ಬಂತು. ಆಮೇಲೆ ಉಗ್ರಾಣ ನೂರು ಸೆಕೆಂಡು ಮೂರ್ಛೆ ಹೋಯಿತು ಎನ್ನೋಣ. ಪರೀಕ್ಷಕನ ಪುಸ್ತಕದಲ್ಲಿ ಹತ್ತು ಸಾವಿರ ಒಳ್ಳೆಯ ಉತ್ತರಗಳು, ಒಂದೇ ಒಂದು ಕೆಟ್ಟದ್ದು. ಸರಾಸರಿ ಸುಮಾರು 11 ಮಿಲಿಸೆಕೆಂಡು. ಆದರೆ ಮೂರ್ಛೆಯ ಹೊತ್ತಿನಲ್ಲಿ ಬರಬೇಕಾಗಿದ್ದ ಇನ್ನೂ ಹತ್ತು ಸಾವಿರ ಜನ ಹೊರಗೆ ಕಾಯುತ್ತಿದ್ದರು. ಅವರನ್ನೂ ಸೇರಿಸಿದರೆ ಸರಾಸರಿ 25 ಸೆಕೆಂಡು! ಕೌಂಟರಿನ ಗುಮಾಸ್ತ ಊಟಕ್ಕೆ ಎದ್ದುಹೋದಾಗ ಸಾಲಿನ ಮೊದಲಿಗನನ್ನು ಮಾತ್ರ ಎಣಿಸಿ, ಅವನ ಹಿಂದಿನವರನ್ನು ಬಿಟ್ಟಂತೆ ಇದು. ಲೆಕ್ಕ ಬೇಕಾದ ಹೊತ್ತಿಗೇ ಲೆಕ್ಕದವನು ಸುಮ್ಮನಾಗಿರುತ್ತಾನೆ.

ಇಷ್ಟೆಲ್ಲ ಕಲಿಸಿದ ಅಮೆಜಾನ್ ಮಾತ್ರ ಮುಂದೆ ಎಡವಲಿಲ್ಲವೇ? 2012ರಲ್ಲಿ ಅದು ‘ಡೈನಮೊಡಿಬಿ’ ಎಂಬ ಹೆಸರಿನಲ್ಲಿ ಇಂಥ ಉಗ್ರಾಣವನ್ನು ಬಾಡಿಗೆಗೆ ಕೊಡಲಾರಂಭಿಸಿತು. 2015ರ ಸೆಪ್ಟೆಂಬರ್ 20ರ ಭಾನುವಾರ, ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದಲ್ಲಿ ಬೆಳಗಿನ ಜಾವ 2 ಗಂಟೆ 19 ನಿಮಿಷಕ್ಕೆ ವರ್ಜೀನಿಯಾ ಕೇಂದ್ರದ ಜಾಲದಲ್ಲಿ ಒಂದು ಸಣ್ಣ ತೊಡಕು ಕಾಣಿಸಿತು. ಅದು ಬೇಗನೆ ಸರಿಹೋಯಿತು. ಆದರೆ ಆ ತೊಡಕಿನಿಂದ ಚೇತರಿಸಿಕೊಂಡ ಯಂತ್ರಗಳೆಲ್ಲ ಒಟ್ಟಿಗೆ, ತಮ್ಮ ಪಾಲಿಗೆ ಯಾವ ಸರಕು ಬರುತ್ತದೆ ಎಂಬ ಪಟ್ಟಿಯನ್ನು ಮುಖ್ಯ ಲೆಕ್ಕಿಗನ ಬಳಿ ಕೇಳಿದವು. ಗ್ರಾಹಕರು ಹೊಸ ಬಗೆಯ ಸೂಚಿಗಳನ್ನು ಹೆಚ್ಚು ಬಳಸತೊಡಗಿದ್ದರಿಂದ ಕೆಲವು ತಿಂಗಳುಗಳಲ್ಲಿ ಆ ಪಟ್ಟಿಗಳು ಸದ್ದಿಲ್ಲದೆ ಉದ್ದವಾಗಿದ್ದವು. ಗೊತ್ತುಮಾಡಿದ ಅವಧಿಯೊಳಗೆ ಉತ್ತರ ಬರಲಿಲ್ಲ. ಉತ್ತರ ಬರದ ಯಂತ್ರಗಳು ಕೆಲಸ ನಿಲ್ಲಿಸಿ ಮತ್ತೆ ಮತ್ತೆ ಕೇಳಿದವು. ಕೇಳಿದಷ್ಟೂ ಲೆಕ್ಕಿಗ ಬಳಲಿದ. 2 ಗಂಟೆ 37 ನಿಮಿಷದ ಹೊತ್ತಿಗೆ ಗ್ರಾಹಕರ ಕೋರಿಕೆಗಳಲ್ಲಿ ಶೇಕಡ 55ರಷ್ಟು ಸೋಲುತ್ತಿದ್ದವು.

ಲೆಕ್ಕಿಗನಿಗೆ ಹೆಚ್ಚಿನ ಯಂತ್ರಗಳನ್ನು ಕೊಡೋಣವೆಂದರೆ, ಆ ಆದೇಶವನ್ನು ಸ್ವೀಕರಿಸಲೂ ಅವನಿಗೆ ಬಿಡುವಿರಲಿಲ್ಲ. ಅಮೆಜಾನಿನ ನಿಗಾ ಸೇವೆಯಾದ ‘ಕ್ಲೌಡ್‌ವಾಚ್’ ತನ್ನ ಅಂಕಿಗಳಿಗಾಗಿ ಇದೇ ಡೈನಮೊಡಿಬಿಯನ್ನು ನೆಚ್ಚಿಕೊಂಡಿದ್ದರಿಂದ ಅದರಲ್ಲೂ ಅಳತೆಗಳು ತಡವಾದವು, ಕೆಲವು ಕಾಣದಾದವು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಕೊನೆಗೆ 5 ಗಂಟೆ 6 ನಿಮಿಷಕ್ಕೆ ಎಂಜಿನಿಯರುಗಳು ಲೆಕ್ಕಿಗನ ಬಳಿಗೆ ಬರುವ ಕೋರಿಕೆಗಳನ್ನೇ ತಡೆದು ನಿಲ್ಲಿಸಿದರು. ಉಸಿರಾಡಲು ಬಿಡುವು ಸಿಕ್ಕಿತು, ಹೆಚ್ಚಿನ ಯಂತ್ರಗಳು ಸೇರಿದವು, 7 ಗಂಟೆ ದಾಟುವ ಹೊತ್ತಿಗೆ ಉಗ್ರಾಣ ಮತ್ತೆ ಎದ್ದು ನಿಂತಿತು.

ಕೆಲವು ದಿನಗಳ ಮೇಲೆ ಕಂಪನಿ ಪ್ರಕಟಿಸಿದ ವಿವರಣೆಯಲ್ಲಿ ಕಾರಣವನ್ನು ಮುಚ್ಚಿಡಲಿಲ್ಲ. ಉತ್ತರದ ವೇಗ, ದೋಷಗಳ ಪ್ರಮಾಣ ಎಲ್ಲದರ ಮೇಲೂ ಕಣ್ಣಿಟ್ಟಿದ್ದ ಅವರು ಪಟ್ಟಿಗಳ ಗಾತ್ರದ ಮೇಲೆ ಸಾಕಷ್ಟು ವಿವರವಾದ ನಿಗಾ ಇಟ್ಟಿರಲಿಲ್ಲ. ಲೆಕ್ಕಿಗನ ಸಾಮರ್ಥ್ಯವನ್ನು ಹೆಚ್ಚಿಸಿದರು. ಯಂತ್ರಗಳು ಪಟ್ಟಿ ಕೇಳುವ ಆವರ್ತನವನ್ನು ತಗ್ಗಿಸಿ, ಉತ್ತರಕ್ಕೆ ಕಾಯುವ ಅವಧಿಯನ್ನು ಉದ್ದ ಮಾಡಿದರು. ಅಳೆಯಬೇಕಾದ ಸಂಗತಿಗಳ ಸಾಲಿಗೆ, ಅಲ್ಲಿಯವರೆಗೆ ಯಾರಿಗೂ ಅಷ್ಟು ಮುಖ್ಯವೆನಿಸದ ಆ ಪಟ್ಟಿಯ ಉದ್ದವೂ ಸೇರಿತು.